ಹಬ್ಬದ ಚಿತ್ರವೂ ಮನೆಯ ಮಕ್ಕಳೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ದಾಸಸಾಹಿತ್ಯವನ್ನು ಸ್ವಲ್ಪವಾದರೂ ಬಲ್ಲವರಿಗೆ ಗುಮ್ಮನ ಪರಿಚಯವಿದ್ದೇ ಇರುತ್ತದೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚಿ ಬೇಡುತ್ತಾನೆ. ಮುಂದೆ ಕಂಸನನ್ನು ಕೆಡಹಲಿರುವ ಹುಡುಗನು ಎಂದೂ ಕಣ್ಣಿಗೆ ಬೀಳದ ಒಂದು ಗುಮ್ಮನಿಗೆ ನಡುಗುತ್ತಾನೆ. ದೇವರ ಬಾಲ್ಯವೇ ಹೀಗೆ ಕಳೆಯಿತೆಂದ ಮೇಲೆ ನಮ್ಮ ನಿಮ್ಮ ಮನೆಯ ಮಕ್ಕಳ ಮಾತೇನು?

ಈ ಗುಮ್ಮನನ್ನು ನಾನು ಇಲ್ಲಿ ಎಳೆದು ತಂದುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಕೂಡಿ ಬಂದಾಗ, ‘ಕಾಂತಾರ’ದ ಮೊದಲ ಅಧ್ಯಾಯವೆಂಬ ಚಲಚ್ಚಿತ್ರವು ತೆರೆಕಂಡಿತು. ನಮ್ಮ ಕಾಲೇಜಿನ ಅಂಗಳದಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಯಾರು ಮೊದಲನೆಯ ದಿನ ನೋಡಿದರು, ಯಾರಿಗೆ ಟಿಕೇಟು ಸಿಕ್ಕಲಿಲ್ಲ, ಯಾರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋದರು ಎಂಬುದೇ ಚರ್ಚೆ. ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದು ನನ್ನನ್ನು ಕಾಡುತ್ತಿತ್ತು. ನನ್ನ ಅಕ್ಕನಿಗೆ ಇಬ್ಬರು ಮಕ್ಕಳು. ಗಂಡು ಮಗುವಿಗೆ ಎಂಟು ವರ್ಷ, ಹೆಣ್ಣು ಮಗುವಿಗೆ ನಾಲ್ಕು. ಅಕ್ಕನೂ ಭಾವನೂ ಬೆಂಗಳೂರಿನ ಕಡೆ ದುಡಿಯುತ್ತಾರೆ. ಮಕ್ಕಳು ಮಾರ್ಟಳ್ಳಿಯಲ್ಲಿ ನನ್ನ ತಾಯಿಯ ಬಳಿ ಬೆಳೆಯುತ್ತಿವೆ. ಹಬ್ಬಕ್ಕೆ ಮಕ್ಕಳನ್ನು ಚಿತ್ರಕ್ಕೆ ಕರೆದೊಯ್ಯುವ ‘ಮಾವ’ ನಾನೇ. ಆದ್ದರಿಂದ ಚಿತ್ರವು ಮಕ್ಕಳಿಗೆ ತಕ್ಕುದೋ ಅಲ್ಲವೋ ಎಂದು ತೀರ್ಮಾನಿಸುವ ಭಾರವೂ ನನ್ನ ತಲೆಯ ಮೇಲೆ ಬಿತ್ತು.

‘ಇದೂ ಒಂದು ಭಾರವೇ?’ ಎಂದು ನಗುವವರುಂಟು. ನಾನೂ ಮೂರು ವರ್ಷದ ಹಿಂದೆ ಹಾಗೆಯೇ ನಗುತ್ತಿದ್ದೆ. ನಗು ನಿಂತದ್ದು ಹೇಗೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲನೆಯ ‘ಕಾಂತಾರ’ ಬಂದದ್ದು 2022ರ ಸೆಪ್ಟೆಂಬರ್ 30ರಂದು. ಅದೂ ದಸರೆಯ ಹೊತ್ತು. ನಾನು ಆಗ ದ್ವಿತೀಯ ಪಿ.ಯು.ಸಿ. ಓದುತ್ತಿದ್ದೆ. ರಜೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಹುಡುಗನಿಗೆ ಐದು ವರ್ಷ. ರಾಮಾಪುರ, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲ ಸೇರುವವರೆಗೂ ಅವನು ಕಿಟಕಿಯ ಪಕ್ಕದಲ್ಲಿ ನಿಂತೇ ಬಂದ. ಚಿತ್ರಮಂದಿರದೊಳಗೆ ಕಾಲಿಟ್ಟಾಗ ಅವನ ಕಣ್ಣುಗಳು ದೀಪದಂತೆ ಹೊಳೆಯುತ್ತಿದ್ದವು. ಕೋಣದ ಓಟ ಬಂದಾಗ ಕುಣಿದಾಡಿದ. ಆಮೇಲೆ, ನೋಡಿದವರಿಗೆಲ್ಲ ಗೊತ್ತಿರುವ ಆ ಕೂಗು ಬಂತು. ನಾಯಕನಿಗೆ ಕನಸಿನಲ್ಲಿ ದೈವ ಕಾಣಿಸಿಕೊಂಡು ಬೆಚ್ಚಿಬೀಳಿಸುವ ದೃಶ್ಯ ಬಂತು. ಹುಡುಗ ನನ್ನ ತೋಳಿನಲ್ಲಿ ಮುಖ ಹುದುಗಿಸಿಕೊಂಡು, ‘ಮಾವ, ಊರ್ಗ್ ಹೋಗವ’ ಎಂದ. ನಾನು, ‘ಸುಮ್ನಿರ್ಲಾ, ಅದು ಬರೀ ಸಿನಿಮಾ’ ಎಂದೆ. ಎರಡು ಸಲ ಹೇಳಿದ, ಎರಡು ಸಲವೂ ಇದೇ ಉತ್ತರ ಕೊಟ್ಟೆ. ಮೂರನೆಯ ಸಲ ಅವನು ಕೇಳಲೇ ಇಲ್ಲ. ಕಡೆಯ ದೃಶ್ಯದಲ್ಲಿ ನಾಯಕನ ಮೈಮೇಲೆ ದೈವ ಬಂದು ಅವನ ಮುಖ, ನಡೆ, ದನಿ ಎಲ್ಲವೂ ಮಾರ್ಪಟ್ಟಾಗ ಮಂದಿರವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮಗು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಕುರ್ಚಿಯ ಕೆಳಗೆ ಕುಳಿತಿತ್ತು.

ನಾನು ಏಕೆ ಎದ್ದು ಹೊರಗೆ ಬರಲಿಲ್ಲ? ಪ್ರಾಮಾಣಿಕವಾಗಿ ಹೇಳುವುದಾದರೆ ಎರಡು ಕಾರಣಗಳು: ಟಿಕೇಟಿಗೆ ಕೊಟ್ಟ ದುಡ್ಡು, ಮತ್ತು ಕಡೆಯ ದೃಶ್ಯವನ್ನು ನೋಡಬೇಕೆಂಬ ನನ್ನ ಆಸೆ. ಚಿತ್ರದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು.

ಆ ರಾತ್ರಿ ಹುಡುಗ ಮಲಗಿದ. ಬೆಳಗ್ಗೆ ಎದ್ದು ಆಡಿದ. ಎಲ್ಲ ಮುಗಿಯಿತೆಂದುಕೊಂಡೆ. ಮುಂದಿನ ವರ್ಷ ನಮ್ಮ ಕೇರಿಯ ಮಾರಿಹಬ್ಬ ಬಂತು. ನನ್ನ ತಾಯಿಯ ಮೈಮೇಲೆ ಮಾರಮ್ಮ ಬರುತ್ತಾಳೆ. ನಾನು ಹುಟ್ಟುವುದಕ್ಕೂ ಮುಂಚಿನಿಂದ ಬರುತ್ತಿದ್ದಾಳೆ. ಅರಿಶಿನ ಬಳಿದ ಮುಖ, ಬಿಚ್ಚಿದ ಕೂದಲು, ಕೈಯಲ್ಲಿ ಬೇವಿನ ಸೊಪ್ಪು. ಹಿಂದಿನ ವರ್ಷಗಳಲ್ಲಿ ಆ ಮಗು ಇದನ್ನು ಯಾರಾದರೊಬ್ಬರ ಸೊಂಟದ ಮೇಲೆ ಕುಳಿತು ಕಡಲೆಪುರಿ ತಿನ್ನುತ್ತ ನೋಡಿತ್ತು. ಈ ಸಲ ತಾಯಿ ಒಮ್ಮೆ ಕೂಗಿದ್ದೇ ತಡ, ಮಗು ಚಿಟ್ಟನೆ ಚೀರಿ ಮನೆಗೆ ಓಡಿ ಮಂಚದ ಕೆಳಗೆ ಸೇರಿತು. ಅಲ್ಲಿಂದ ಮುಂದೆ ಎಷ್ಟೋ ತಿಂಗಳು ಅದು ಅಜ್ಜಿಯ ಮಗ್ಗುಲಲ್ಲಿ ಮಲಗಲಿಲ್ಲ. ಅಜ್ಜಿ ತುತ್ತು ಕೊಟ್ಟರೆ ಅವಳ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿ, ಆಮೇಲೆ ಬಾಯಿ ತೆರೆಯುತ್ತಿತ್ತು. ತಾಯಿ ಒಂದು ದಿನ ಒಲೆಯ ಮುಂದೆ ಕುಳಿತು, ‘ಕೂಸು ನನ್ನ ಕಂಡು ಹೆದ್ರುತ್ತಲ್ಲೋ, ನಾನೇನ್ ಮಾಡ್ದೆ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ.

ಇಷ್ಟಾದ ಮೇಲೆ ‘ಹಬ್ಬದ ಚಿತ್ರ ಮಕ್ಕಳಿಗೆ ಹೆದರಿಕೆ ತರುತ್ತದೆಯೇ?’ ಎಂಬ ಪ್ರಶ್ನೆಯನ್ನು ನಗುವ ವಿಷಯವೆಂದು ಹೇಗೆ ತಿಳಿಯಲಿ?

ಸರ್ಕಾರವೇ ಇದನ್ನು ತೀರ್ಮಾನಿಸಿ ಮುದ್ರೆ ಒತ್ತಿ ಕಳಿಸುತ್ತದೆಯಲ್ಲ ಎಂದು ಕೆಲವರು ಹೇಳಬಹುದು. ಆ ಮುದ್ರೆಯ ಕಥೆಯನ್ನು ಸ್ವಲ್ಪ ನೋಡೋಣ. ನಮ್ಮ ದೇಶದಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಎಲ್ಲರೂ ನೋಡಬಹುದಾದ ಚಿತ್ರಕ್ಕೆ ‘ಯು’, ವಯಸ್ಕರಿಗೆ ಮಾತ್ರ ಮೀಸಲಾದುದಕ್ಕೆ ‘ಎ’ ಎಂಬ ಪ್ರಮಾಣಪತ್ರಗಳಿದ್ದವು. 1983ರಲ್ಲಿ ಇವೆರಡರ ನಡುವೆ ‘ಯು/ಎ’ ಎಂಬುದು ಸೇರಿತು. ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಹಿರಿಯರು ಯೋಚಿಸಬೇಕೆಂಬುದು ಅದರ ತಾತ್ಪರ್ಯ. 2022ರ ‘ಕಾಂತಾರ’ಕ್ಕೆ ಇದ್ದದ್ದು ಈ ಮುದ್ರೆಯೇ. 2023ರಲ್ಲಿ ಕಾಯಿದೆಯನ್ನು ತಿದ್ದಿ, ಈ ನಡುವಿನ ವರ್ಗವನ್ನು 7, 13, 16 ಎಂದು ಮೂರು ವಯಸ್ಸುಗಳಿಗೆ ಸೀಳಿದರು. 2025ರ ಚಿತ್ರಕ್ಕೆ ದೊರೆತದ್ದು ‘ಯುಎ 16+’.

ಹದಿನಾರು ಎಂದ ಮೇಲೆ ಎಂಟು ವರ್ಷದ ಹುಡುಗನನ್ನು ಬಾಗಿಲಲ್ಲಿ ತಡೆಯುತ್ತಾರೆಯೇ? ಇಲ್ಲ. ತಡೆಯಲು ಕಾನೂನಿನಲ್ಲಿ ಅವಕಾಶವೂ ಇಲ್ಲ. ‘ಎ’ ಚಿತ್ರಕ್ಕೆ ಮಕ್ಕಳನ್ನು ಬಿಟ್ಟರೆ ಚಿತ್ರಮಂದಿರದವರು ತಪ್ಪಿತಸ್ಥರು. ಆದರೆ ‘ಯುಎ’ ಎಂಬುದು ಹೆತ್ತವರಿಗೆ, ಪೋಷಕರಿಗೆ ಹೇಳಿದ ಸಲಹೆಯಷ್ಟೆ. ಅದನ್ನು ಜಾರಿಗೆ ತರಬೇಕಾದವರು ತಂದೆತಾಯಿಗಳೇ ಹೊರತು ಬಾಗಿಲು ಕಾಯುವವನಲ್ಲ. ಅಂದರೆ ಸರ್ಕಾರವು ಬಹಳ ವಿನಯದಿಂದ ಆ ಪ್ರಶ್ನೆಯನ್ನು ನಮ್ಮ ಮನೆಯ ಜಗಲಿಗೇ ಹಿಂದಿರುಗಿಸಿದೆ. ನಾನು ಆಕ್ಷೇಪಿಸುವುದಿಲ್ಲ. ಮಗುವನ್ನು ಬಲ್ಲವರು ಮನೆಯವರೇ. ಆದರೆ ಮನೆಯವರು ಆ ಮುದ್ರೆಯನ್ನು ಓದುತ್ತಾರೆಯೇ? ಹಬ್ಬದ ಚಿತ್ರ, ದೇವರ ಚಿತ್ರ, ನಮ್ಮ ಕನ್ನಡದ ಚಿತ್ರ ಎಂಬ ಮೂರು ಮಾತುಗಳು ಕಿವಿಗೆ ಬಿದ್ದರೆ ಸಾಕು, ಕೂಸುಗಳನ್ನೆಲ್ಲ ಎತ್ತಿಕೊಂಡು ಹೊರಡುತ್ತೇವೆ. ಹಬ್ಬವೆಂಬ ಹೆಸರೇ ನಮ್ಮ ಕಣ್ಣಿಗೆ ಪರದೆಯಾಗುತ್ತದೆ.

ಇದು ನಮ್ಮವರಿಗೆ ಮಾತ್ರ ಅಂಟಿದ ದೋಷವಲ್ಲ. 1984ರಲ್ಲಿ ಅಮೆರಿಕದಲ್ಲಿ ‘ಗ್ರೆಮ್ಲಿನ್ಸ್’ ಎಂಬ ಚಿತ್ರ ಬಂತು. ಕ್ರಿಸ್‌ಮಸ್ ಹಬ್ಬದ ಕಥೆ. ಹಬ್ಬದ ಉಡುಗೊರೆಯಾಗಿ ಬಂದ ಮುದ್ದಾದ ಪುಟ್ಟ ಪ್ರಾಣಿ. ತಂದೆತಾಯಿಗಳು ನಂಬಿ ಮಕ್ಕಳನ್ನು ಕರೆತಂದರು. ಆ ಮುದ್ದುಪ್ರಾಣಿಯ ಸಂತಾನವೇ ಪಿಶಾಚಿಗಳಾಗಿ ಊರೆಲ್ಲ ಹಾವಳಿ ಮಾಡಿದಾಗ ಮಕ್ಕಳು ಗೋಳಾಡಿದವು, ಹೆತ್ತವರು ಕೆರಳಿದರು. ಅದೇ ವರ್ಷ ಬಂದ ಇಂಡಿಯಾನಾ ಜೋನ್ಸನ ಚಿತ್ರವೂ ಇಂಥದೇ ಗದ್ದಲ ಎಬ್ಬಿಸಿತು. ಜುಲೈ ತಿಂಗಳಲ್ಲೇ ಅಲ್ಲಿ ಹದಿಮೂರು ವರ್ಷದೊಳಗಿನವರ ಬಗ್ಗೆ ಎಚ್ಚರಿಸುವ ಹೊಸ ವರ್ಗವೊಂದನ್ನು ಮಾಡಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ, ಡಿಸ್ನಿಯವರ ಹಿಮಗೌರಿಯ ಚಿತ್ರಕ್ಕೆ (1937) ಬ್ರಿಟನ್ನಿನ ಸೆನ್ಸಾರು ಮಂಡಳಿಯು ಮಕ್ಕಳು ಹಿರಿಯರೊಡನೆ ಮಾತ್ರ ನೋಡತಕ್ಕದ್ದೆಂಬ ‘ಎ’ ಪತ್ರವನ್ನು ಕೊಟ್ಟಿತ್ತು. ಇಂದು ಮೂರು ವರ್ಷದ ಮಕ್ಕಳೂ ನೋಡುವ ಬೊಂಬೆಚಿತ್ರ ಅದು! ಆದ್ದರಿಂದ ಮುದ್ರೆಯೂ ಕಾಲಕ್ಕೆ ತಕ್ಕಂತೆ ಬದಲಾಗುವ ವಸ್ತುವೇ. ಮಗುವಿನ ಎದೆಬಡಿತ ಮಾತ್ರ ಅಂದೂ ಇಂದೂ ಒಂದೇ.

ಇನ್ನು ನನ್ನ ಗೆಳೆಯರ ವಾದಗಳಿಗೆ ಬರುತ್ತೇನೆ. ಹಾಸ್ಟೆಲಿನ ಹೊರಗಿನ ಕಟ್ಟೆಯ ಮೇಲೆ ಇವು ಎಷ್ಟೋ ಸಂಜೆ ನಡೆದಿವೆ.

ಮೊದಲನೆಯ ವಾದ: ‘ನಮ್ಮ ಸಂಪ್ರದಾಯವೆಲ್ಲ ಭಯಂಕರವೇ. ಮಾದಪ್ಪನ ಕಥೆಯಲ್ಲಿ ಶ್ರವಣದೊರೆ ಅರಗಿನ ಪಾದರಕ್ಷೆ ಮೆಟ್ಟಿ ಉರಿದುಹೋಗುವುದಿಲ್ಲವೇ? ಸಂಕಮ್ಮನನ್ನು ಅವಳ ಗಂಡ ಕಾಡಿನಲ್ಲಿ ಕಟ್ಟಿಹಾಕಿ ಹಿಂಸಿಸುವುದಿಲ್ಲವೇ? ಸೋಮನ ಮುಖ, ಹುಲಿವೇಷ ಇವನ್ನೆಲ್ಲ ನೋಡಿಯೇ ನಾವು ಬೆಳೆಯಲಿಲ್ಲವೇ?’ ಒಪ್ಪಿದೆ. ಬೆಟ್ಟದ ಸೀಮೆಯವನಾದ ನಾನು ಇದನ್ನು ಒಪ್ಪದೆ ಇರುವುದುಂಟೇ? ಶ್ರವಣನ ಕಥೆಯನ್ನು ನನಗೆ ಹೇಳಿದವಳು ನನ್ನ ಅಜ್ಜಿ. ಆದರೆ ಅವಳು ಹೇಗೆ ಹೇಳುತ್ತಿದ್ದಳೆಂಬುದನ್ನು ನೆನೆದುಕೊಳ್ಳುತ್ತೇನೆ. ಬೆಂಕಿ ಹತ್ತುವ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದಳು. ನನ್ನ ಕಣ್ಣು ಅರಳಿದ್ದರೆ ಉರಿಯನ್ನು ಆಕಾಶಕ್ಕೆ ಏರಿಸುತ್ತಿದ್ದಳು. ತುಟಿ ಅದುರಿದರೆ ತಕ್ಷಣ ಉರಿಯನ್ನು ತಗ್ಗಿಸಿ, ಮಾದಪ್ಪ ಹುಲಿ ಏರಿ ಹೊರಟದ್ದನ್ನು ಹೇಳಿ ತಟ್ಟಿ ಮಲಗಿಸುತ್ತಿದ್ದಳು. ಅಜ್ಜಿಯ ಕಥೆಗೆ ಕಣ್ಣಿತ್ತು. ಪರದೆಗೆ ಕಣ್ಣಿಲ್ಲ. ಅದು ಐದು ವರ್ಷದವನಿಗೂ ಐವತ್ತು ವರ್ಷದವನಿಗೂ ಒಂದೇ ಉರಿ, ಒಂದೇ ಸದ್ದು ಬಡಿಸುತ್ತದೆ. ಹುಲಿವೇಷದವನೂ ಹಾಗೆಯೇ, ಮಗು ಅತ್ತರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಮುಖವಾಡ ತೆಗೆದು ಹಲ್ಲು ಕಿರಿಯುತ್ತಾನೆ. ಸಂಪ್ರದಾಯದಲ್ಲಿ ಭಯವಿದೆ ಎಂಬುದು ನಿಜ. ಭಯವನ್ನು ಅಳೆದು ಕೊಡುವ ಕೈಯೂ ಅದರ ಜೊತೆಗೇ ಇದೆ ಎಂಬುದು ಅಷ್ಟೇ ನಿಜ.

ಎರಡನೆಯ ವಾದ: ‘ಸ್ವಲ್ಪ ಹೆದರಲಿ, ಗಟ್ಟಿಯಾಗುತ್ತವೆ.’ ಇದನ್ನು ಹೇಳುವವರಲ್ಲಿ ನಮ್ಮ ಊರಿನ ಹಿರಿಯರೂ ಇದ್ದಾರೆ. ‘ವೀರಪ್ಪನ ಕಾಲ ಕಂಡವರಿಗೆ ಇದ್ಯಾವ ಲೆಕ್ಕ?’ ಎನ್ನುತ್ತಾರೆ. 1992ರಲ್ಲಿ ರಾಮಾಪುರದ ಪೊಲೀಸು ಠಾಣೆಯ ಮೇಲೆ ದಾಳಿ, ಅದೇ ವರ್ಷ ಆಗಸ್ಟಿನಲ್ಲಿ ಮೀಣ್ಯದ ಬಳಿ ಪೊಲೀಸು ಅಧಿಕಾರಿಗಳ ಕೊಲೆ, 1993ರ ಏಪ್ರಿಲ್‌ನಲ್ಲಿ ಪಾಲಾರಿನ ನೆಲಬಾಂಬು, 2000ದಲ್ಲಿ ಗಾಜನೂರಿನಿಂದ ರಾಜಕುಮಾರರ ಅಪಹರಣ. ಇವೆಲ್ಲ ನಮ್ಮ ಸುತ್ತಲೇ ನಡೆದವು. ಒಂದು ಕಡೆ ಕಾಡಿನವನ ಭಯ, ಇನ್ನೊಂದು ಕಡೆ ಅವನನ್ನು ಹುಡುಕಿ ಬಂದವರ ಭಯ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ನನ್ನ ಸೋದರಮಾವನಿಗೆ ಆ ಕಾಲದಲ್ಲಿ ಏಳೆಂಟು ವರ್ಷ. ಇಂದು ಅವರಿಗೆ ಮದುವೆಯಾಗಿ ಮಕ್ಕಳಿವೆ. ಆದರೂ ರಾತ್ರಿಯ ಹೊತ್ತು ದೂರದಲ್ಲಿ ಜೀಪಿನ ಸದ್ದು ಕೇಳಿದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಸದ್ದು ಹಾದುಹೋದ ಮೇಲೆಯೇ ಮುಂದುವರಿಸುವುದು. ಹೆದರಿಕೆಯಿಂದ ಮನುಷ್ಯ ಗಟ್ಟಿಯಾಗುವುದಾದರೆ ನಮ್ಮ ಸೀಮೆಯಲ್ಲಿ ಹುಟ್ಟಿದವರೆಲ್ಲ ಕಬ್ಬಿಣದ ಕಂಬಗಳಾಗಿರಬೇಕಿತ್ತು! ಹೆದರುವವರ ಮೇಲೆ ಕಪ್ಪೆ ಎಸೆದರೆ ಅವರು ಧೈರ್ಯ ಕಲಿಯುವುದಿಲ್ಲ. ಎಸೆದವರನ್ನು ನಂಬದಿರಲು ಕಲಿಯುತ್ತಾರೆ.

ಮೂರನೆಯ ವಾದ ನನ್ನದೇ, ನಾನು ಆ ದಿನ ಚಿತ್ರಮಂದಿರದಲ್ಲಿ ಹೂಡಿದ ವಾದ: ‘ಅದು ಬರೀ ಸಿನಿಮಾ, ನಿಜವಲ್ಲ.’ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೋಆನ್ ಕ್ಯಾಂಟರ್ ಎಂಬ ವಿದ್ವಾಂಸೆ ಮಕ್ಕಳ ಹೆದರಿಕೆಯನ್ನೇ ಬಹುಕಾಲ ಅಧ್ಯಯನ ಮಾಡಿ 1998ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಸುಮಾರು ಏಳು ವರ್ಷದವರೆಗಿನ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ, ಕಿವಿಗೆ ಬೀಳುವ ಸದ್ದಿಗೆ. ‘ಇದು ನಿಜವಲ್ಲ’ ಎಂಬ ಮಾತು ಆ ವಯಸ್ಸಿಗೆ ಔಷಧವಲ್ಲ. ಅಪ್ಪಿಕೊಳ್ಳುವುದು, ನೀರು ಕುಡಿಸುವುದು, ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದು ಔಷಧ. ಇದು ಅವರು ಕಂಡ ಸಂಗತಿ. ಅವರ ಪ್ರಯೋಗಗಳಲ್ಲಿ ಒಂದು ನನ್ನನ್ನು ತಡೆದು ನಿಲ್ಲಿಸಿತು. ‘ಹಲ್ಕ್’ ಎಂಬ ಟೀವಿ ಕಥೆಯಲ್ಲಿ ಒಬ್ಬ ಸಾಧು ಮನುಷ್ಯ ಕೋಪ ಬಂದಾಗ ಹಸುರು ಬಣ್ಣದ ದೈತ್ಯನಾಗುತ್ತಾನೆ. ದೈತ್ಯನಾದರೂ ಒಳ್ಳೆಯವರನ್ನೇ ಕಾಪಾಡುತ್ತಾನೆ. ದೊಡ್ಡ ಮಕ್ಕಳು ಹೆದರಿದ್ದು ಅವನಿಗೆ ಅಪಾಯ ಬಂದಾಗ; ಅವನು ದೈತ್ಯನಾದ ಕೂಡಲೆ ಅವರಿಗೆ ಸಮಾಧಾನ. ಚಿಕ್ಕ ಮಕ್ಕಳು ಹೆದರಿದ್ದೇ ಅವನು ದೈತ್ಯನಾದ ಮೇಲೆ. ಒಳ್ಳೆಯವನೇ ಮತ್ತೊಂದು ರೂಪ ತಾಳಿದ್ದಾನೆಂಬುದು ಅವುಗಳ ಬುದ್ಧಿಗೆ ಎಟುಕುವುದಿಲ್ಲ. ‘ನನ್ನವನು ಇಲ್ಲವಾದ, ಅವನ ಜಾಗದಲ್ಲಿ ಇನ್ನಾರೋ ಬಂದ’ ಎಂದಷ್ಟೇ ಕಾಣುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ಮಂಚದ ಕೆಳಗಿನ ಕತ್ತಲೆ ಕಣ್ಣಮುಂದೆ ಬಂತು. ಮಂದಿರವೆಲ್ಲ ಎದ್ದು ಚಪ್ಪಾಳೆ ತಟ್ಟಿದ ಗಳಿಗೆಯೇ ಆ ಮಗುವಿಗೆ ಅತ್ಯಂತ ಭಯಂಕರವಾದ ಗಳಿಗೆ. ನಮಗೆ ದೈವ ಬಂದಿತು. ಅದಕ್ಕೆ ನಾಯಕ ಹೋದ. ಮಾರಿಹಬ್ಬದ ದಿನ ನಮಗೆ ಮಾರಮ್ಮ ಬಂದಳು. ಅದಕ್ಕೆ ಅಜ್ಜಿ ಹೋದಳು.

ಹಾಗಾದರೆ ಭಯಂಕರವಾದುದನ್ನೆಲ್ಲ ಮಕ್ಕಳಿಂದ ಬಚ್ಚಿಡಬೇಕೆಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. 1983ರ ‘ಭಕ್ತ ಪ್ರಹ್ಲಾದ’ವನ್ನು ನೋಡಿ. ರಾಜಕುಮಾರರ ಹಿರಣ್ಯಕಶಿಪು ಗದೆ ಹಿಡಿದು ಗರ್ಜಿಸಿದರೆ ದೊಡ್ಡವರೂ ಸೆಟೆದು ಕೂರಬೇಕು. ಕಡೆಯಲ್ಲಿ ಕಂಬ ಒಡೆದು ನರಸಿಂಹ ಬರುತ್ತಾನೆ. ಆದರೂ ಈ ಚಿತ್ರವನ್ನು ಮಕ್ಕಳು ಟೀವಿಯಲ್ಲಿ ಮತ್ತೆ ಮತ್ತೆ ನೋಡುತ್ತವೆ. ಕಾರಣವೇನು? ಆ ಕಥೆಯ ನಡುವೆ ಒಂದು ಮಗುವಿದೆ. ಆ ಮಗು ಹೆದರುವುದಿಲ್ಲ. ಪುರಾಣದಲ್ಲಂತೂ ದೇವತೆಗಳೂ, ಲಕ್ಷ್ಮಿಯೂ ಉಗ್ರನರಸಿಂಹನ ಹತ್ತಿರ ಹೋಗಲು ಅಂಜಿ ನಿಂತಾಗ, ಹತ್ತಿರ ಹೋಗಿ ಶಾಂತಗೊಳಿಸಿದವನು ಪುಟ್ಟ ಪ್ರಹ್ಲಾದ. ನೋಡುವ ಮಗುವಿಗೆ ಹಿಡಿದುಕೊಳ್ಳಲು ಒಂದು ಕೈ ಕಥೆಯೊಳಗೇ ಇದೆ. ನನ್ನ ಕ್ರೈಸ್ತ ಗೆಳೆಯನೊಬ್ಬ ಇಂಥದೇ ಮಾತನ್ನು ಹೇಳಿದ. ಶುಭ ಶುಕ್ರವಾರದ ಯಾತನೆಯ ಕಥೆಯನ್ನು ಕೇಳಿ ಅವನ ತಂಗಿ ಅಳುತ್ತಾಳಂತೆ. ಆದರೆ ಭಾನುವಾರದ ಬೆಳಗು ಬರುತ್ತದೆಂದು ಅವಳಿಗೆ ಗೊತ್ತು, ಮನೆಯವರೆಲ್ಲ ಆ ಭಾನುವಾರದವರೆಗೂ ಅವಳ ಜೊತೆಯಲ್ಲೇ ಇರುತ್ತಾರೆ. ಹೆದರಿಸುವುದು ದೋಷವಲ್ಲ, ಹೆದರಿಸಿ ನಡುದಾರಿಯಲ್ಲಿ ಕೈಬಿಡುವುದು ದೋಷ.

ನಮ್ಮ ಮನೆಯ ದೋಷವನ್ನು ಸರಿಪಡಿಸಿದ್ದು ನನ್ನ ಓದಲ್ಲ, ನನ್ನ ತಾಯಿ. ಮುಂದಿನ ಮಾರಿಹಬ್ಬದ ಬೆಳಗ್ಗೆ ಅವಳು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅರಿಶಿನದ ಬಟ್ಟಲನ್ನು ಅವನ ಕೈಗೇ ಕೊಟ್ಟು ತನ್ನ ಕೆನ್ನೆಗೆ ಬಳಿಯಲು ಹೇಳಿದಳು. ಬೇವಿನ ಸೊಪ್ಪನ್ನು ಅವನಿಂದಲೇ ಕಟ್ಟಿಸಿದಳು. ‘ಅವ್ವ ಬಂದು ಹೋಗೋಗಂಟ ನಾನು ಮಾತಾಡಲ್ಲ. ಆಮ್ಯಾಕೆ ನನಗೆ ಬಾಯಾರ್ತದೆ, ನೀನೇ ನೀರು ತಂದ್ಕೊಡ್ಬೇಕು’ ಎಂದಳು. ಆ ದಿನ ಮಗು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿತ್ತು; ಓಡಲಿಲ್ಲ. ಎಲ್ಲ ಮುಗಿದು ತಾಯಿ ಕಂಬಕ್ಕೊರಗಿ ಕುಳಿತಾಗ ತುಳುಕಿಸುತ್ತ ತುಳುಕಿಸುತ್ತ ಒಂದು ಚೊಂಬು ನೀರು ಒಯ್ದು ಕೊಟ್ಟಿತು. 1980ರಲ್ಲಿ ಅಮೆರಿಕದ ಫ್ರೆಡ್ ರಾಜರ್ಸ್ ಎಂಬವರು ತಮ್ಮ ಮಕ್ಕಳ ಟೀವಿ ಕಾರ್ಯಕ್ರಮದಲ್ಲಿ ಆ ಹಲ್ಕ್ ಪಾತ್ರಧಾರಿಯು ಬಣ್ಣ ಬಳಿಸಿಕೊಳ್ಳುವುದನ್ನೇ ತೋರಿಸಿ ಮಕ್ಕಳ ಅಂಜಿಕೆಯನ್ನು ಕಳೆಯಲು ಯತ್ನಿಸಿದರೆಂದು ಆಮೇಲೆ ಓದಿದೆ. ನನ್ನ ತಾಯಿ ಅದನ್ನು ಓದಿದವಳಲ್ಲ.

ಹೀಗೆ ಬಂದೆವು 2025ರ ದಸರೆಗೆ. ಹುಡುಗನಿಗೀಗ ಎಂಟು. ‘ಮಾವ, ಎಲ್ರೂ ಹೋಯ್ತಾವ್ರೆ’ ಎಂದು ಒಂದೇ ಹಟ. ನಾಲ್ಕು ವರ್ಷದ ತಂಗಿಯೂ ಅಣ್ಣನ ಅಂಗಿ ಹಿಡಿದುಕೊಂಡು ಹಟ. ತಂಗಿಯ ವಿಷಯದಲ್ಲಿ ನನಗೆ ಸಂದೇಹವಿರಲಿಲ್ಲ, ಇಲ್ಲವೆಂದೆ. ಅಣ್ಣನ ವಿಷಯದಲ್ಲಿ ಸಂದೇಹವಿತ್ತು. ಇಲ್ಲವೆನ್ನುವುದಕ್ಕೂ ಒಂದು ಬೆಲೆಯಿದೆ. ಶಾಲೆಯಲ್ಲಿ ಎಲ್ಲರೂ ನೋಡಿದ ಚಿತ್ರವನ್ನು ನೋಡದ ಹುಡುಗನು ಹಬ್ಬದಿಂದಲೇ ಹೊರಗುಳಿದಂತೆ. ‘ಪುಕ್ಕಲ’ ಎಂಬ ಬಿರುದು ಬೇರೆ. ಭಯದಷ್ಟೇ ಈ ಅವಮಾನವೂ ಮಗುವನ್ನು ಚುಚ್ಚುತ್ತದೆ ಎಂಬುದನ್ನು ಬೇಡವೆನ್ನುವ ಹಿರಿಯರು ಮರೆಯುತ್ತಾರೆ.

ನಾನು ಮೊದಲು ಒಬ್ಬನೇ ಹೋಗಿ ನೋಡಿ ಬಂದೆ. ಕದಂಬರ ಕಾಲದ ಕಥೆ. ಕಾಡಿನ ಜನ, ಅರಸರು, ಕಾಳಗ, ಮೈಮೇಲೆ ಬರುವ ದೈವ. ಹಿಂದಿನದಕ್ಕಿಂತ ರಕ್ತವೂ ಹೆಚ್ಚು, ಸದ್ದೂ ಹೆಚ್ಚು. ಮನೆಗೆ ಬಂದು ಹುಡುಗನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಥೆಯನ್ನೆಲ್ಲ ಹೇಳಿದೆ. ಕಡೆಯವರೆಗೂ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ: ‘ಅದ್ರಲ್ಲೂ ಕೂಗು ಅದಾ?’ ಇದೆ ಎಂದೆ. ‘ಎಷ್ಟು ಸಲ?’ ಎಂದ. ನಾನು ಎಣಿಸಿರಲಿಲ್ಲ! ಅವನು ಬೆರಳು ಮಡಿಸುತ್ತ ಏನನ್ನೋ ಲೆಕ್ಕ ಹಾಕಿ, ‘ಹಂಗಾದ್ರೆ ಟೀವಿಗೆ ಬಂದ್ಮ್ಯಾಕೆ ನೋಡ್ತೀನಿ. ಸೌಂಡು ಮಾತ್ರ ನನ್ ಕೈಲಿರ್ಬೇಕು’ ಎಂದ. ಮರುದಿನ ಶಾಲೆಯಿಂದ ಅಳುತ್ತ ಬಂದ, ಯಾರೋ ಹಂಗಿಸಿದ್ದರು. ಆದರೂ ಮಾತು ಬದಲಿಸಲಿಲ್ಲ. ಆ ತಿಂಗಳ ಕೊನೆಗೆ ಚಿತ್ರ ಮನೆಯ ಪರದೆಗೂ ಬಂತು. ದೀಪ ಉರಿಯುತ್ತಿತ್ತು, ಒಂದು ಮಗ್ಗುಲಲ್ಲಿ ನಾನು, ಇನ್ನೊಂದು ಮಗ್ಗುಲಲ್ಲಿ ಅಜ್ಜಿ, ತಂಗಿ ಒಳಗೆ ನಿದ್ದೆ. ರಿಮೋಟು ಅವನ ಮುಷ್ಟಿಯಲ್ಲಿ. ಕೂಗು ಬರುವುದಕ್ಕೆ ಕ್ಷಣ ಮುಂಚೆ ಸದ್ದನ್ನು ಇಳಿಸುವನು, ಆದ ಮೇಲೆ ಏರಿಸುವನು. ಎರಡು ಸಲ ನಿಲ್ಲಿಸಿ ನೀರು ಕುಡಿದು ಬಂದ. ಕಡೆಯಲ್ಲಿ ದೈವ ಬಂದಾಗ ಅಜ್ಜಿಯ ಮುಖವನ್ನು ಒಮ್ಮೆ ನೋಡಿದ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಸದ್ದನ್ನು ಇಳಿಸಲಿಲ್ಲ.

ಈ ಅನುಭವದಿಂದ ನನಗೆ ಹೊಳೆದುದನ್ನು ಗೆಳೆಯರ ಮುಂದಿಡುತ್ತೇನೆ. ಚಿತ್ರ ಹೆದರಿಕೆಯದೇ ಎಂಬ ಪ್ರಶ್ನೆಯೊಂದೇ ಸಾಲದು. ಮಗು ಹೆದರಿದರೆ ಅದಕ್ಕೆ ಎದ್ದು ಹೋಗಲು ದಾರಿಯುಂಟೇ, ಅದರ ಮುಖ ನೋಡುವ ಒಬ್ಬರು ಪಕ್ಕದಲ್ಲಿ ಇರುವರೇ, ಕಥೆ ಅದನ್ನು ಸುಖವಾಗಿ ಮನೆಗೆ ಹಿಂದಿರುಗಿಸುವುದೇ ಎಂಬ ಮೂರನ್ನು ಕೇಳಬೇಕು. ಏಳು ವರ್ಷದೊಳಗಿನ ಕೂಸುಗಳನ್ನು ಇಂಥ ಚಿತ್ರಕ್ಕೆ ಮಂದಿರದ ಕತ್ತಲೆಗೆ ಒಯ್ಯದಿರುವುದೇ ಮೇಲು. ಅದಕ್ಕಿಂತ ದೊಡ್ಡವರಿಗೆ ಮೊದಲು ನಾವು ನೋಡಿ, ಕಥೆ ಹೇಳಿ, ಅವರನ್ನೇ ಕೇಳಬೇಕು. ‘ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲ’ ಎನ್ನುವವರ ಕಷ್ಟ ನಿಜವಾದುದು. ಕೂಲಿಯ ನಡುವೆ ಒಂದು ದಿನ ಬಿಡುವು ಸಿಕ್ಕ ತಾಯಿಯನ್ನು ಚಿತ್ರ ನೋಡಬೇಡವೆನ್ನಲು ನಾನು ಯಾರು? ಅಂಥವರು ಬಾಗಿಲ ಬಳಿಯ ಸಾಲಿನಲ್ಲಿ ಕುಳಿತುಕೊಳ್ಳಲಿ. ಮಗು ‘ಹೋಗೋಣ’ ಎಂದ ಮೊದಲ ಸಲವೇ ಯಾರಾದರೊಬ್ಬರು ಎತ್ತಿಕೊಂಡು ಹೊರಗೆ ಬರಲಿ. ಟಿಕೇಟಿನ ದುಡ್ಡು ಹೋದರೆ ಹೋಗಲಿ. ನಾನು ಉಳಿಸಿಕೊಂಡ ದುಡ್ಡಿಗೆ ನನ್ನ ತಾಯಿ ತಿಂಗಳುಗಟ್ಟಲೆ ಬಡ್ಡಿ ತೆತ್ತಳು.

ಇದನ್ನು ಕಾಲೇಜಿನ ಸಂಚಿಕೆಯಲ್ಲಿ ಬರೆಯುವುದೇಕೆಂದರೆ, ನಮ್ಮ ಹಳ್ಳಿಗಳಲ್ಲಿ ಹಬ್ಬದ ದಿನ ಮಕ್ಕಳ ಕೈ ಹಿಡಿದು ಚಿತ್ರಕ್ಕೆ ಕರೆದೊಯ್ಯುವವರು ಬಹುಮಟ್ಟಿಗೆ ನಾವೇ. ಅಣ್ಣಂದಿರು, ಅಕ್ಕಂದಿರು, ಮಾವಂದಿರು. ಮುದ್ರೆಯನ್ನು ಓದಬಲ್ಲವರೂ ಮನೆಯಲ್ಲಿ ನಾವೇ. ಗುರುಗಳಲ್ಲಿಯೂ ಒಂದು ಬಿನ್ನಹ. ಹಬ್ಬದ ರಜೆಗೆ ಮುಂಚೆ, ಚಿತ್ರ ನೋಡಿ ಬಂದ ವಿದ್ಯಾರ್ಥಿಗಳು ಅದರಲ್ಲಿ ಮಕ್ಕಳು ಅಂಜುವಂಥದೇನಿದೆ ಎಂಬುದನ್ನು ನಾಲ್ಕು ಸಾಲು ಬರೆದು ಸೂಚನಾ ಫಲಕದಲ್ಲಿ ಹಾಕಲು ಅವಕಾಶ ಕೊಡಬೇಕು. ಕೂಗು ಎಷ್ಟು ಸಲವಿದೆ ಎಂಬುದನ್ನು ಎಣಿಸಿಕೊಂಡು ಬರುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.